ಸೋಗೆ ಹೊದ್ದ ಮನೆಯ ಚಿತ್ರ

ಜನವರಿ ಹದಿನೆಂಟು, ಬೆಳಿಗ್ಗೆ ಏಳೂಕಾಲು. ಕೊಳ್ಳೇಗಾಲದ ನನ್ನ ಕೋಣೆಯ ಕಿಟಕಿಯ ಕೆಳಗೆ ಕಬ್ಬಿನ ಟ್ರ್ಯಾಕ್ಟರ್ ಹಾದುಹೋಯಿತು. ಅದು ಬಿಟ್ಟುಹೋದ ಒಣಸೋಗೆಯ ವಾಸನೆ, ಇಬ್ಬನಿಗೆ ನೆಂದು ತುಸು ಹುಳಿಯಾದದ್ದು, ನನ್ನನ್ನು ಕುಂತೂರಿನ ನಮ್ಮ ಹೆಂಚಿನ ಮನೆಗೆ ಕರೆದೊಯ್ದಿತು. ಆ ಮನೆ ಈಗಿಲ್ಲ. ಅಜ್ಜಿ ತೀರಿಕೊಂಡ ಮೇಲೆ ಮಾರಿದೆವು. ಕೊಂಡವರು ಕೆಡವಿ ಟ್ರ್ಯಾಕ್ಟರ್ ನಿಲ್ಲಿಸಲು ಶೆಡ್ ಕಟ್ಟಿದ್ದಾರೆ.

ನಾನು ಏಳನೇ ತರಗತಿಯಲ್ಲಿದ್ದಾಗ ಊರನ್ನು ಡ್ರೋನ್‌ನಿಂದ ಅಳೆಯಲು ಸರ್ವೆಯವರು ಬಂದರು. ಮೇಲಿನಿಂದ ತೆಗೆದ ಚಿತ್ರದಲ್ಲಿ ಎಲ್ಲೆ ಕಾಣಲೆಂದು ಹಿಂದಿನ ದಿನವೇ ಪ್ರತಿ ಮನೆಯ ಸುತ್ತ ಸುಣ್ಣದ ಗೆರೆ ಎಳೆಯಬೇಕಿತ್ತು. ನಮ್ಮದನ್ನು ನಾನೇ ಎಳೆದಿದ್ದೆ, ಪಕ್ಕದ ಮನೆಯ ಸವಿತಾಳ ಗೆರೆಗಿಂತ ನೆಟ್ಟಗೆ. ಪಠ್ಯಪುಸ್ತಕದಲ್ಲಿ ಆಕಾಶದಿಂದ ತೆಗೆದ ದುಂಡನೆಯ ಭೂಮಿಯನ್ನು ನೋಡಿದ್ದೆ. ಅಂಥದ್ದರಲ್ಲಿ ನಮ್ಮ ಮನೆಯೂ ಸೇರುತ್ತದೆಂಬ ಹಿಗ್ಗು. ಬೆಳಗಾಗುವಷ್ಟರಲ್ಲಿ ಅಜ್ಜಿ ಗೆರೆಯ ಮೇಲೂ ಹೆಂಚಿನ ಮೇಲೂ ಕಬ್ಬಿನ ಸೋಗೆ ಹರಡಿಸಿಬಿಟ್ಟಿದ್ದಳು. “ನೆತ್ತಿ ಮೇಲಿಂದ ನೋಡೋ ಕಣ್ಣು ಒಳ್ಳೇದಲ್ಲ ಕಣ್ಮಗ, ಮನೆಗೆ ದಿಷ್ಟಿ ಆಯ್ತದೆ” ಎಂದಳು. ಸವಿತಾಳ ಅಪ್ಪ ತಮ್ಮ ತಾರಸಿಯಿಂದ ಬಗ್ಗಿ ನಕ್ಕರು: “ಏನಕ್ಕಾ, ಮನೆಗೆ ಮುಸುಕಾಕ್ಬುಟ್ಟಿದ್ದೀಯಲ್ಲ, ಅದೇನು ಮದ್ವೆ ಎಣ್ಣಾ?” ನಾನು ಅಳುತ್ತಲೇ ಶಾಲೆಗೆ ಹೋದೆ.

ಆಮೇಲೆ ಸವಿತಾಳ ಅಪ್ಪ ಸರ್ವೆಯವರನ್ನು ಕೇಳಿ ಆ ಚಿತ್ರದ ಒಂದು ಪ್ರಿಂಟ್ ಪಡೆದು, ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದರು. ಅದರಲ್ಲಿ ಅವರ ತಾರಸಿ, ಒಣಹಾಕಿದ ಕೆಂಪು ಮೆಣಸಿನಕಾಯಿ, ಬೋರಲು ಹಾಕಿದ ಕೊಡ, ಎಲ್ಲವೂ ಸ್ಪಷ್ಟ. ನಮ್ಮ ಮನೆ ಮಾತ್ರ ಕಸದ ರಾಶಿ. ಅವತ್ತಿನ ದಿನಚರಿಯಲ್ಲಿ ಒಂದೇ ಸಾಲು ಬರೆದೆ: ಚಿತ್ರದಲ್ಲಿ ನಾವಿಲ್ಲ. ಅವರ ಮನೆಗೆ ಹೋದಾಗೆಲ್ಲ ಆ ಗೋಡೆಗೆ ಬೆನ್ನು ಹಾಕಿ ಕೂರುತ್ತಿದ್ದೆ.

ಮೊನ್ನೆ ಸಂಕ್ರಾಂತಿಗೆ ಸವಿತಾಳ ಮನೆಗೆ ಎಳ್ಳು ಬೀರಲು ಹೋದಾಗ ಆ ಚಿತ್ರವನ್ನು ಮೊದಲ ಸಲ ಹತ್ತಿರದಿಂದ ನೋಡಿದೆ. ಮೆಣಸಿನಕಾಯಿಯ ಪಕ್ಕದಲ್ಲಿ ಹಸಿರು ಸೀರೆಯ, ಬಿಳಿ ತಲೆಯ ಒಬ್ಬಳು ಮುಖವನ್ನು ಪೂರ್ತಿ ಮೇಲೆತ್ತಿ ಕುಳಿತಿದ್ದಳು. “ನಿಮ್ಮಜ್ಜಿ ಕಣೇ. ಆ ಡ್ರೋನು ಎಂಗಿದ್ದದೋ ನೋಡ್ಬುಡ್ಬೇಕು ಅಂತ ನಮ್ಮ ತಾರ್ಸಿಗೆ ಮೆಟ್ಲು ಅತ್ಕಂಡ್ ಬಂದಿತ್ತು” ಎಂದಳು ಸವಿತಾ. ಮನೆಯನ್ನು ಆ ಕಣ್ಣಿಗೆ ಕಾಣದಂತೆ ಮುಚ್ಚಿಟ್ಟವಳು ತಾನೇ ಅದಕ್ಕೆ ಮುಖ ಕೊಟ್ಟು ಕುಳಿತಿದ್ದಾಳೆ, ಅದೂ ಅವರ ಮನೆಯ ಮೇಲೆ. ಫೋನಿನಲ್ಲಿ ತೆಗೆದುಕೋ ಎಂದಳು ಸವಿತಾ. ತೆಗೆದುಕೊಳ್ಳಲಿಲ್ಲ. ಅದು ಅವಳ ತಾರಸಿ.

ಕುಂತೂರನ್ನು ಮೇಲಿನಿಂದಲೋ ಬೀದಿಯಿಂದಲೋ ಯಾರಾದರೂ ಚಿತ್ರ ತೆಗೆದಿದ್ದು, ಅದರ ಅಂಚಿನಲ್ಲಿ ಸೋಗೆ ಹೊದೆಯದ ಒಂದು ಹೆಂಚಿನ ಮನೆ ಕಂಡರೆ ದಯವಿಟ್ಟು ಬರೆದು ತಿಳಿಸಿ. ಜಗುಲಿಯ ಮೇಲೆ ಯಾರಾದರೂ ಕುಳಿತಿದ್ದಾರೆಯೇ ಎಂದೂ ನೋಡಿ ಹೇಳಿ.