ನಿಂಗಕ್ಕನ ರಾಗಿ ವಾಡೆ

ಹೊಸದುರ್ಗದ ನಮ್ಮ ಓಣಿಯಲ್ಲಿ ಗುಟ್ಟು ಉಳಿಯುತ್ತಿದ್ದದ್ದು ಒಂದೇ ಕಡೆ, ನಿಂಗಕ್ಕನ ಹೊಟ್ಟೆಯಲ್ಲಿ. ಮಿಕ್ಕವರ ಹೊಟ್ಟೆಗೆ ಬೆಳಿಗ್ಗೆ ಬಿದ್ದ ಮಾತು ಮಧ್ಯಾಹ್ನದೊಳಗೆ ಬಾವಿಕಟ್ಟೆಯ ಮೇಲೆ ಸಿಗುತ್ತಿತ್ತು. ಎಪ್ಪತ್ತನಾಲ್ಕರಲ್ಲಿ ನಾನು ಆ ಓಣಿಗೆ ಸೊಸೆಯಾಗಿ ಬಂದಾಗ, ಅತ್ತೆ ಉಚ್ಚಂಗಮ್ಮ ಕೊಟ್ಟ ಮೊದಲ ಬುದ್ಧಿವಾದವೇ ಇದು: ಅಳಬೇಕು ಅನ್ನಿಸಿದರೆ ನಿಂಗಕ್ಕನ ಮನೆಗೆ ಹೋಗು, ಬೇರೆಲ್ಲೂ ಬೇಡ. ಸೊಸೆ ಅಳುವುದು ಖಂಡಿತ ಎಂದು ಅತ್ತೆಗೆ ಮೊದಲೇ ಗೊತ್ತಿತ್ತಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು.

ನಿಂಗಕ್ಕ ಕುರಿ ಕಾಯುವ ಮನೆತನದವಳು. ಗಂಡ ಸತ್ತ ಮೇಲೆ ಕುರಿಗಳನ್ನು ಮೈದುನನಿಗೆ ಬಿಟ್ಟು, ಮಗಳು ಚಿತ್ತಮ್ಮನನ್ನು ಕಟ್ಟಿಕೊಂಡು ಪೇಟೆಗೆ ಬಂದಿದ್ದಳು. ಓಣಿಯ ಕೊನೆಗೆ ಎಲ್ಲರಿಂದ ಬೇರೆಯಾಗಿ ಅವಳದೊಂದು ಹುಲ್ಲಿನ ಮನೆ. ಬಾಗಿಲೆಂದರೆ ಬಿದಿರಿನ ತಟ್ಟಿ, ಬೀಗವೆಂದರೆ ಒಂದು ಹಗ್ಗದ ಚೂರು. ಬೆಳಗಿನಿಂದ ಬೈಗಿನವರೆಗೆ ಬಾಗಿಲಲ್ಲಿ ಕೂತು ಕಂಬಳಿಯವರಿಗೆ ಉಣ್ಣೆ ನೂಲುತ್ತಿದ್ದಳು. ಮಗಳನ್ನು ಬಾಗೂರಿಗೆ ಕೊಟ್ಟಿದ್ದಳು. ಚಿತ್ತಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ ಕೂಸು ಉಳಿಯಲಿಲ್ಲ, ಅವಳೂ ಸಾವಿನ ಬಾಗಿಲು ತಟ್ಟಿ ಬಂದಳು. ಅವ್ವ ಪಕ್ಕದಲ್ಲಿ ಇದ್ದಳು ಅಂತ ನಾನು ಬದುಕಿದೆ ಎಂದು ಅವಳು ಕಂಡವರಿಗೆಲ್ಲ ಹೇಳುತ್ತಿದ್ದಳು. ಈಗ ಎರಡನೆಯದು, ಗಂಡನ ಮನೆಯಲ್ಲೇ ಆಗಬೇಕಿತ್ತು. ಕರೆ ಬಂದ ಕೂಡಲೇ ಬರುತ್ತೇನೆಂದು ನಿಂಗಕ್ಕ ಮಾತು ಕೊಟ್ಟಿದ್ದಳು.

ಅಷ್ಟರಲ್ಲಿ ಶೇಂಗಾ ಕೀಳುವ ಕಾಲ ಬಂತು, ಅದರ ಹಿಂದೆಯೇ ಕಳ್ಳನೂ ಬಂದ.

ನಮ್ಮವು ಮಣ್ಣಿನ ಮಾಳಿಗೆ ಮನೆಗಳು. ಒಂದರ ಮಾಳಿಗೆ ಇನ್ನೊಂದಕ್ಕೆ ಅಂಟಿಕೊಂಡಿದ್ದರಿಂದ ಈ ತುದಿಯಲ್ಲಿ ಹತ್ತಿದವನು ಆ ತುದಿಯವರೆಗೆ ಆರಾಮಾಗಿ ನಡೆದು ಹೋಗಬಹುದು. ಬೆಳಕಿಗೆಂದು ಪ್ರತಿ ಮಾಳಿಗೆಗೂ ಒಂದು ಗವಾಕ್ಷಿ. ಜನ ಹೊಲಕ್ಕೆ ಹೋದ ಹೊತ್ತು ನೋಡಿ ಕಳ್ಳ ಹಾಡಹಗಲೇ ಅದರಲ್ಲಿ ಇಳಿಯುತ್ತಿದ್ದ. ಬಟ್ಟೆ ಅಂಗಡಿಯ ಮುರುಗೇಶಪ್ಪನವರ ಮನೆಯಲ್ಲಿ ಹಿತ್ತಾಳೆ ಕೊಡ, ಟ್ರಾನ್ಸಿಸ್ಟರು ಹೋದವು. ಮುಂದಿನ ವಾರ ದಾಸಣ್ಣನ ಮನೆ, ಆಮೇಲೆ ಹಿಂದಿನ ಓಣಿಯ ಎರಡು ಮನೆ.

ಗಂಡಸರು ಸಭೆ ಸೇರಿದರು. ಸಭೆ ಸೇರುವುದರಲ್ಲಿ ನಮ್ಮ ಗಂಡಸರನ್ನು ಮೀರಿಸುವವರಿಲ್ಲ. ಗವಾಕ್ಷಿಗೆ ಮುಳ್ಳುಕಂಟಿ ತುರುಕಿದರು, ಮನೆ ಕತ್ತಲಾಯಿತು. ಮುರುಗೇಶಪ್ಪನವರು ಬಾಗಿಲಿಗಿಂತ ಭಾರವಾದ ಬೀಗ ತಂದು ಹಾಕಿದರು. ಕಳ್ಳ ಬಾಗಿಲಿನಿಂದ ಬಂದೇ ಇರಲಿಲ್ಲ ಎಂಬುದು ಅವರ ತಲೆಗೆ ಹೊಳೆಯಲಿಲ್ಲ.

ಹೆಂಗಸರು ಸಭೆ ಸೇರಲಿಲ್ಲ. ಒಬ್ಬೊಬ್ಬರಾಗಿ, ಸೆರಗಿನೊಳಗೆ ಒಂದೊಂದು ಗಂಟು ಅಡಗಿಸಿಕೊಂಡು ನಿಂಗಕ್ಕನ ಮನೆಗೆ ಹೋದರು. ಹುಲ್ಲಿನ ಮನೆಗೆ ಯಾವ ಕಳ್ಳ ಕಣ್ಣು ಹಾಕುತ್ತಾನೆ? ಅಲ್ಲದೆ ಅವಳು ಬಾಗಿಲು ಬಿಟ್ಟು ಏಳುವವಳಲ್ಲ. ಮೊದಲು ಹೋದವರು ನಮ್ಮತ್ತೆ. ಆಮೇಲೆ ಮುರುಗೇಶಪ್ಪನವರ ಹೆಂಡತಿ ಚಂದ್ರಕ್ಕ. ಆಮೇಲೆ ಎದುರುಮನೆಯ ಬೋರಕ್ಕ. ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ, ಗಂಡಂದಿರಿಗಂತೂ ಮೊದಲೇ ಗೊತ್ತಿಲ್ಲ. ಯಾರಿಗೂ ಹೇಳಬಾರದು ಎಂದು ಎಲ್ಲರೂ ಅವಳಿಂದ ಭಾಷೆ ತೆಗೆದುಕೊಂಡರು. ನಿಂಗಕ್ಕ ಮನೆಯ ಮೂಲೆಯಲ್ಲಿ ಆಳೆತ್ತರಕ್ಕೆ ನಿಂತಿದ್ದ, ಕಾಳು ತುಂಬಿಡುವ ಮಣ್ಣಿನ ವಾಡೆಯೊಳಗೆ ಗಂಟುಗಳನ್ನಿಟ್ಟು ಮೇಲೆ ರಾಗಿ ಸುರಿದಳು. ಹೊಸದುರ್ಗದಲ್ಲೇ ಶ್ರೀಮಂತವಾದ ಮನೆ ಅದಾಯಿತು.

ಅಂದಿನಿಂದ ಅವಳು ನೀರಿಗೂ ದೂರ ಹೋಗಲಿಲ್ಲ, ಸಂತೆಗೂ ಹೋಗಲಿಲ್ಲ. ಯಾಕೆ ಸೊರಗಿದ್ದೀ ಎಂದು ಕೇಳಿದರೆ ಸೊಂಟ ನೋವು ಅನ್ನುತ್ತಿದ್ದಳು. ನಾನೂ ಪೆದ್ದಿ, ಎಣ್ಣೆ ಬಿಸಿಮಾಡಿ ತಿಕ್ಕಿ ಬಂದೆ.

ಒಂದು ಶುಕ್ರವಾರ ಬಾಗೂರಿನ ಬಸ್ಸಿಗೆ ಅಳಿಯನ ಅಣ್ಣ ಚಿಕ್ಕತಿಮ್ಮಪ್ಪ ಬಂದಿಳಿದ. ಚಿತ್ತಮ್ಮನಿಗೆ ಬೆಳಗಿನ ಜಾವವೇ ನೋವು ಶುರುವಾಗಿದೆ, ಕೂಸು ಅಡ್ಡ ಇದೆ ಎಂದು ಸೂಲಗಿತ್ತಿ ಹೇಳುತ್ತಾಳೆ, ಅವ್ವ ಅವ್ವ ಎಂದು ಒಂದೇ ಸಮನೆ ಕನವರಿಸುತ್ತಿದ್ದಾಳೆ, ಡ್ರೈವರು ಚಹಾ ಕುಡಿದ ಕೂಡಲೇ ಇದೇ ಬಸ್ಸು ವಾಪಸು ಹೊರಡುತ್ತದೆ ಎಂದ.

ನಿಂಗಕ್ಕ ನಮ್ಮ ಮನೆಗೆ ಓಡಿಬಂದಳು. ಅತ್ತೆ ತಲೆಗೆ ನೀರು ಹಾಕಿಕೊಂಡು ದೇವರ ಮುಂದೆ ಕೂತಿದ್ದರು. ಮಗಳ ಸುದ್ದಿ ಹೇಳಿ, ನಿನ್ನ ಗಂಟು ತಗೊಂಡು ಹೋಗು ಎಂದು ನಿಂಗಕ್ಕ ಅಂದಾಗ ಯಾವ ಗಂಟು ಎಂದು ನಾನು ಕಿವಿ ನಿಮಿರಿಸಿದೆ. ಅತ್ತೆ ನನ್ನ ಕಡೆ ನೋಡಲೇ ಇಲ್ಲ.

“ಶುಕ್ರವಾರ ಬಂಗಾರ ಮನೆಯಿಂದ ಹೊರಗೆ ಕಳಿಸ್ತಾರೇನೆ? ಅದೂ ಮಗಳು ನೋವು ತಿಂತಿರೋ ಹೊತ್ನಾಗೆ. ನಿನ್ ಕೈಯಾರೆ ಹೊಸ್ತಿಲು ದಾಟಿಸಿ ಆಮ್ಯಾಲೆ ಏನಾದ್ರೂ ಆದ್ರೆ?”

ಅತ್ತೆ ಇದನ್ನು ಜಾರಿಕೊಳ್ಳಲು ಹೇಳಿದ್ದಲ್ಲ. ಮಂಗಳವಾರ, ಶುಕ್ರವಾರ ನಮ್ಮ ಮನೆಯಿಂದ ಒಂದು ಹಿಡಿ ಉಪ್ಪು ಕೂಡ ಯಾರೂ ಸಾಲ ಒಯ್ದದ್ದಿಲ್ಲ. ನಿಂಗಕ್ಕನ ಮುಖ ಬಿಳಚಿಕೊಂಡಿತು. ಅಲ್ಲಿಂದ ಚಂದ್ರಕ್ಕನ ಮನೆಗೆ, ಅಲ್ಲಿಂದ ಬೋರಕ್ಕನ ಮನೆಗೆ ಹೋದಳು. ಅಲ್ಲೆಲ್ಲ ಅದೇ ಮಾತು, ನಾಳೆ ಶನಿವಾರ ಬೆಳಿಗ್ಗೆ ತಗೊಳ್ಳುತ್ತೇವೆ, ಒಂದು ದಿನ ತಡೆ. ಹೆರಿಗೆ ನೋವಿಗೆ ಒಂದು ದಿನ ತಡೆ ಎಂದು ಹೇಳುವವರು ಯಾರು?

ನಿಂಗಕ್ಕ ಓಣಿಯ ನಡುವೆ ಬಂದು ನಿಂತಳು. ಅವಳು ದನಿ ಎತ್ತಿದ್ದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

“ನಿಮ್ಮೆಲ್ಲಾರ ಬಂಗಾರ ನನ್ ವಾಡ್ಯಾಗೈತೆ. ಉಚ್ಚಂಗಮ್ಮಂದೂ ಐತೆ, ಚಂದ್ರಕ್ಕಂದೂ ಐತೆ, ಬೋರಕ್ಕಂದೂ ಐತೆ. ಕಳ್ಳ ಬಂದ್ರೆ ಬರ್ಲಿ. ನನ್ ಮಗಳು ಕರೀತಾ ಅವ್ಳೆ, ನಾನು ಹೋಗ್ತೀನಿ.”

ಚಂದ್ರಕ್ಕ ಬೋರಕ್ಕನನ್ನು ನೋಡಿದರು, ಬೋರಕ್ಕ ನಮ್ಮತ್ತೆಯನ್ನು ನೋಡಿದರು. ನನಗೆ ಆಗ ಹೊಳೆಯಿತು. ಒಳಗೆ ಓಡಿ ಟ್ರಂಕು ತೆಗೆದು ನೋಡಿದೆ. ಅಪ್ಪ ಮದುವೆಗೆ ಮಾಡಿಸಿಕೊಟ್ಟ ಜುಮುಕಿ ಇರಲಿಲ್ಲ. ನನ್ನ ಜುಮುಕಿ, ನನ್ನನ್ನು ಒಂದು ಮಾತೂ ಕೇಳದೆ! ಜಗಳಕ್ಕೆಂದು ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದರೆ, ನಮ್ಮತ್ತೆ ಒದ್ದೆ ತಲೆಯಲ್ಲೇ ಓಣಿ ದಾಟಿ ನಿಂಗಕ್ಕನ ಮನೆಯ ಕಡೆ ನಡೆದಿದ್ದರು.

“ಬಂಗಾರ ಹೊರಗೆ ಬರಬಾರ್ದು ಅಷ್ಟೆ. ನಾವು ಒಳಗೆ ಹೋಗಾಕೆ ಯಾವ ಶಾಸ್ತ್ರ ಅಡ್ಡ ಬರ್ತೈತೆ?” ಎಂದು ಹೇಳಿ ತಟ್ಟಿ ಸರಿಸಿ ವಾಡೆಗೆ ಬೆನ್ನು ಕೊಟ್ಟು ಕೂತೇಬಿಟ್ಟರು. ಮರುಗಳಿಗೆಯಲ್ಲಿ ಚಂದ್ರಕ್ಕ ಬಂದು ಕೂತರು, ಬೋರಕ್ಕನೂ ಬಂದರು. ನಿಂಗಕ್ಕನ ಮೇಲಿನ ಪ್ರೀತಿ ಅರ್ಧ, ಒಬ್ಬರ ಮೇಲೊಬ್ಬರಿಗೆ ಇದ್ದ ಅನುಮಾನ ಅರ್ಧ.

ಜಗಳವನ್ನು ಆಮೇಲಕ್ಕೆ ಇಟ್ಟುಕೊಂಡು ನಾನು ನಿಂಗಕ್ಕನ ಚೀಲ ಹಿಡಿದು ಬಸ್‌ಸ್ಟ್ಯಾಂಡಿಗೆ ಓಡಿದೆ. ಬಸ್ಸು ಆಗಲೇ ಸದ್ದು ಮಾಡುತ್ತಿತ್ತು. ಚಿಕ್ಕತಿಮ್ಮಪ್ಪ ಅದರ ಮುಂದೆ ಕೈ ಚಾಚಿ ನಿಂತು ಡ್ರೈವರನಿಂದ ಬೈಸಿಕೊಳ್ಳುತ್ತಿದ್ದ. ನಿಂಗಕ್ಕನನ್ನು ಹಿಂದಿನಿಂದ ತಳ್ಳಿ ಹತ್ತಿಸಿದೆ. ಅವಳು ತಿರುಗಿ ನೋಡಲಿಲ್ಲ.

ಮೂವರು ಹೆಂಗಸರು ಆ ಹುಲ್ಲಿನ ಮನೆಯಲ್ಲೇ ಬಿಡಾರ ಹೂಡಿದರು. ಶನಿವಾರ ಬೆಳಿಗ್ಗೆ ಗಂಟು ತೆಗೆಯುವ ಮಾತು ಬಂತು. ಆದರೆ ನಿಂಗಕ್ಕ ಇಲ್ಲದೆ ಅವಳ ರಾಗಿಗೆ ಕೈ ಹಾಕಲು ಯಾರೂ ಮುಂದಾಗಲಿಲ್ಲ, ಇನ್ನೊಬ್ಬರು ಹಾಕಲು ಬಿಡಲೂ ಇಲ್ಲ. ಓಣಿಯ ಗಂಡಸರು ತಾವೇ ಒಲೆ ಹಚ್ಚಿ ಕಣ್ಣು ಕೆಂಪಗೆ ಮಾಡಿಕೊಂಡರು. ಮುರುಗೇಶಪ್ಪನವರು ಬಿಂದಿಗೆ ಹೊತ್ತು ಬಾವಿಗೆ ಬಂದದ್ದನ್ನು ನೋಡಿ ನನ್ನ ಜೀವ ತಣ್ಣಗಾಯಿತು.

ಭಾನುವಾರ ಸುದ್ದಿ ಬಂತು. ಹಿರಿಯೂರಿನ ಸಂತೆಯಲ್ಲಿ ಟ್ರಾನ್ಸಿಸ್ಟರು ಮಾರುತ್ತಿದ್ದವನನ್ನು ಪೊಲೀಸರು ಹಿಡಿದಿದ್ದಾರೆ, ಮಾಳಿಗೆ ಇಳಿದವನು ಅವನೇ ಅಂತೆ, ಒಪ್ಪಿಕೊಂಡಿದ್ದಾನಂತೆ. ಗಂಡಸರು ಗವಾಕ್ಷಿಯ ಮುಳ್ಳು ಕಿತ್ತು ಎಸೆದರು. ಮನೆಗಳಿಗೆ ಬೆಳಕು ಬಂತು. ಇನ್ನು ಮನೆಗೆ ನಡೀರಿ ಎಂದು ಕರೆಯಲು ನಾನೇ ಹೋದೆ.

ಮೂವರಲ್ಲಿ ಒಬ್ಬರೂ ಏಳಲಿಲ್ಲ. ಬಾಗೂರಿನಿಂದ ಏನೂ ಸುದ್ದಿ ಬಂದಿರಲಿಲ್ಲ. ಅತ್ತೆಯ ಮುಂದೆ ಮುಟ್ಟದೇ ಬಿಟ್ಟ ರೊಟ್ಟಿ ಒಣಗುತ್ತಿತ್ತು. ಶುಕ್ರವಾರ ಅಂತ ಅಂದುಬಿಟ್ಟೆನಲ್ಲೇ, ಅವಳು ಮನೆ ಮನೆ ಅಲೆದಳಲ್ಲೇ, ಆ ಹೊತ್ತಿಗೇ ಅಲ್ಲಿ ಏನಾದರೂ ಆಗಿಹೋಗಿದ್ದರೆ ನಾನು ಯಾವ ಮುಖ ತೋರಿಸಲಿ ಎಂದು ಮೆಲ್ಲಗೆ ಕೇಳಿದರು. ಜುಮುಕಿಗಾಗಿ ಸಾಣೆ ಹಿಡಿದಿಟ್ಟುಕೊಂಡಿದ್ದ ಮಾತೆಲ್ಲವನ್ನೂ ಅಲ್ಲಿಗೇ ಬಿಟ್ಟೆ. ನಾನೂ ಅವರ ಪಕ್ಕದಲ್ಲಿ ಕೂತೆ.

ಸೋಮವಾರದ ಬಸ್ಸಿಗೆ ನಿಂಗಕ್ಕ ಬಂದಳು. ಅವಳು ಓಣಿಯ ಮೂಲೆ ತಿರುಗುವುದನ್ನು ಕಂಡು ಅತ್ತೆ ಎದ್ದು ನಿಂತರು. ದೂರದಿಂದಲೇ ನಿಂಗಕ್ಕ ಹೇಳಿದಳು: “ಹೆಣ್ಣು ಕೂಸು. ಇಬ್ರೂ ಚೆನ್ನಾಗವ್ರೆ ಕಣಕ್ಕ.”

ನಮ್ಮತ್ತೆ ಅಲ್ಲೇ ದಾರಿಯ ಧೂಳಿನಲ್ಲಿ ಕುಸಿದು ಕೂತು ಅತ್ತರು. ಚಂದ್ರಕ್ಕ, ಬೋರಕ್ಕ ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕರು. ನನಗೂ ಎದೆಯ ಮೇಲಿನ ಬೀಸುವಕಲ್ಲು ಇಳಿದಂತಾಯಿತು. ತಾನು ಹೋಗಿ ಕೈ ಹಿಡಿದ ಮೇಲೆ ಮಗಳಿಗೆ ಧೈರ್ಯ ಬಂತು, ಸೂಲಗಿತ್ತಿ ಕೂಸನ್ನು ಮೆಲ್ಲಗೆ ತಿರುಗಿಸಿದಳು, ಹೊತ್ತು ಮುಳುಗುವ ಮೊದಲೇ ಆಯಿತು ಎಂದು ನಿಂಗಕ್ಕ ಹೇಳಿದಳು. ಮುಂದಿನ ಬಸ್ಸಿಗೆ ಕಾದಿದ್ದರೆ ಮಗಳು ಜೀವಂತ ಸಿಗುತ್ತಿರಲಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ.

ಆಮೇಲೆ ವಾಡೆಯ ರಾಗಿ ಚಾಪೆಯ ಮೇಲೆ ಸುರಿದು ಅವರವರ ಗಂಟು ಅವರವರಿಗೆ ಕೊಟ್ಟಳು. ಅತ್ತೆ ನಮ್ಮ ಗಂಟನ್ನು ಬಿಚ್ಚಿ ನನ್ನ ಜುಮುಕಿಯನ್ನು ನನ್ನ ಕೈಗೇ ಇಟ್ಟರು. ಬೋರಕ್ಕ ಮಾತ್ರ ಹೊರಡುವಾಗ ತಡವರಿಸಿದರು. ಇನ್ನೊಬ್ಬ ಕಳ್ಳ ಬರುವುದಿಲ್ಲ ಎಂದು ಏನು ಖಾತ್ರಿ, ನಂದೊಂದು ಇಲ್ಲೇ ಇರಲಿ ಎಂದು ಕೇಳಿದರು.

ನಿಂಗಕ್ಕ ಬಟ್ಟೆ ಚೀಲಕ್ಕೆ ರಾಗಿ ತುಂಬುತ್ತಿದ್ದಳು, ಬಾಣಂತಿಯ ಮನೆಗೆ ಒಯ್ಯಲು. ತಲೆ ಎತ್ತದೆ ಅಂದಳು: “ನಿನ್ ಬಂಗಾರ ನೀನೇ ಕಾಯ್ಕ ತಾಯಿ. ನಂಗೆ ಕಾಯಾಕೆ ಬಾಗೂರ್ನಾಗೆ ಐತೆ.”

ನಾನು ಚೀಲದ ಬಾಯಿ ಹಿಡಿದುಕೊಂಡೆ, ಅವಳು ರಾಗಿ ತುಂಬಿದಳು.