ನಲವತ್ತೆಂಟು ನಿಮಿಷದ ಗುಮಾಸ್ತರು

ಬಿಳಿ ಅಂಗಿ, ಹೆಗಲ ಮೇಲಿನ ಪಟ್ಟಿ, ಗಿರಿಜಾ ಮೀಸೆ ಕಂಡು ಇವರೇ ಪೈಲಟ್ ಎಂದುಕೊಂಡು, ಮೊದಲ ಸಲ ವಿಮಾನ ಹತ್ತುತ್ತಿದ್ದ ಅಮ್ಮನನ್ನು "ಸ್ವಲ್ಪ ನಿಧಾನವಾಗಿ ಓಡಿಸಿ ಸಾರ್" ಎಂದು ನಾನು ಅವರ ಕೈಗೊಪ್ಪಿಸಿದ್ದೆ. ಅವರು ನಮ್ಮ ಪುಟ್ಟ ವಿಮಾನನಿಲ್ದಾಣದ ವಿಚಾರಣೆ ಗುಮಾಸ್ತರು. ನನ್ನನ್ನು ತಿದ್ದುವ ಗೋಜಿಗೆ ಹೋಗದೆ, "ಇನ್ನೂರ ಹನ್ನೆರಡು ಕಿಲೋಮೀಟರು, ನಲವತ್ತೆಂಟು ನಿಮಿಷ" ಎಂದರು. ಇಲ್ಲಿಂದ ಹಾರುವುದು ಒಂದೇ ವಿಮಾನ, ಅದು ಇಳಿಯುವುದು ಇಂಥದ್ದೇ ಇನ್ನೊಂದು ಪುಟ್ಟ ನಿಲ್ದಾಣದಲ್ಲಿ. ಆದರೂ ಆ ದೂರವನ್ನು ತಾವೇ ಹಗ್ಗ ಹಿಡಿದು ಅಳೆದವರಂತೆ ಹೇಳುತ್ತಾರೆ. ಶೌಚಾಲಯ ಎಲ್ಲಿ ಎಂದು ಕೇಳಿದವರಿಗೂ ಮೊದಲು ಅದೇ ಉತ್ತರ, ಆಮೇಲೆ ದಾರಿ. "ಬಸ್ಸಲ್ಲಿ ಆರು ಗಂಟೆ ಆಗುತ್ತಲ್ಲ?" ಎಂದು ಯಾರಾದರೂ ಅಂದರೆ, "ಅದು ರಸ್ತೆಯ ತಪ್ಪು, ದೂರದ್ದಲ್ಲ" ಎಂದು ಬಾಯಿ ಮುಚ್ಚಿಸುತ್ತಾರೆ. "ಇವರ ಸ್ನಾನ ಮುಗಿಯೋದ್ರೊಳಗೆ ವಿಮಾನ ಅಲ್ಲಿ ಇಳಿದಿರುತ್ತೆ ಕಣಪ್ಪ" ಎನ್ನುವುದು ಅವರ ಹೆಂಡತಿಯ ದೂರು. ಆದರೆ ವಿಮಾನ ಮೇಲೆದ್ದ ಮೇಲೆ ಅವರು ಕುರ್ಚಿ ಮುಟ್ಟುವುದಿಲ್ಲ. ಅಲ್ಲಿಂದ "ಇಳೀತು" ಎಂದು ಫೋನು ಬರಬೇಕು. ಅಮ್ಮ ವಿಮಾನ ಹತ್ತಿದ ದಿನ ನಲವತ್ತೆಂಟು ನಿಮಿಷ ಕಳೆದು, ಐವತ್ತೊಂಬತ್ತಾದರೂ ಫೋನಿಲ್ಲ. ನಾನು ಅವರ ಪಕ್ಕ ಬೆವರುತ್ತ ನಿಂತೆ; ಅವರ ಮೀಸೆಯೂ ಜೋಲುಬಿದ್ದಿತ್ತು. ಅರವತ್ತೊಂದನೆಯ ನಿಮಿಷಕ್ಕೆ ಫೋನು ಬಂತು. "ಇಳೀತಂತೆ" ಎಂದವರೇ ದೊಪ್ಪನೆ ಕುಳಿತು ಕಣ್ಣೊರೆಸಿಕೊಂಡರು. "ನಿಮ್ಮೋರು ಯಾರಿದ್ರು ಸಾರ್ ಅದರಲ್ಲಿ?" ಎಂದೆ. "ನಲವತ್ತೆರಡೂ ಜನ" ಎಂದರು.