ಯಾರೂ ಎತ್ತದ ಫೋನು

೨೦೦೩ರಲ್ಲಿ ನಾನು ಕಳಸದ ದೂರವಾಣಿ ಕೇಂದ್ರದಲ್ಲಿ ಕಿರಿಯ ಅಧಿಕಾರಿಯಾಗಿದ್ದೆ. ಅದಕ್ಕೆ ಮೊದಲು ಆರು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದ್ದೆ. ಕುಟುಂಬ ಚಿಕ್ಕಮಗಳೂರಿನಲ್ಲಿತ್ತು, ನಾನು ಬಸ್ ನಿಲ್ದಾಣದ ಹಿಂದಿನ ಬಾಡಿಗೆ ಕೋಣೆಯಲ್ಲಿದ್ದೆ. ದಿನವಿಡೀ ಬೇರೆಯವರ ಫೋನುಗಳನ್ನು ಮಾತನಾಡಿಸಿ ಸಂಜೆ ಕೋಣೆಗೆ ಬಂದರೆ ನನ್ನೊಡನೆ ಮಾತನಾಡುವವರು ಇರುತ್ತಿರಲಿಲ್ಲ.

ತಾಮ್ರದ ತಂತಿ ಎಳೆಯಲಾಗದ ಕಣಿವೆಗಳಿಗೆ ಆಗ ನಿಸ್ತಂತು ಸಂಪರ್ಕ ಕೊಡುತ್ತಿದ್ದೆವು. ಗುಡ್ಡದ ಮೇಲೊಂದು ಟವರ್, ಗ್ರಾಹಕರ ಗೋಡೆಗೊಂದು ಪೆಟ್ಟಿಗೆ. ಪೆಟ್ಟಿಗೆಯೊಳಗಿನ ಚಿಪ್ ಧ್ವನಿಯನ್ನು ಅಂಕಿಗಳಾಗಿಸಿ, ಇಂಟರ್ನೆಟ್ಟನ್ನೂ ಜೊತೆಗೇ ಸಾಗಿಸುತ್ತಿತ್ತು. ಹಿಂದೆ ಕಪಾಟು ತುಂಬುವ ಯಂತ್ರಗಳು ಮಾಡುತ್ತಿದ್ದ ಕೆಲಸವನ್ನು ಉಗುರಗಲದ ಸಿಲಿಕಾನ್ ಚೂರು ಮಾಡಿದ್ದರಿಂದಲೇ ದೂರದ ತೋಟಗಳಿಗೆ ಇಂಟರ್ನೆಟ್ ತಲುಪಿತ್ತು.

ಜುಲೈಯಲ್ಲಿ ಒಂದು ಕಾಫಿ ಎಸ್ಟೇಟಿನ ರೈಟರ್, ಅಂದರೆ ಗುಮಾಸ್ತ, ಸುಬ್ಬಯ್ಯನವರಿಂದ ಅಂಚೆ ಕಾರ್ಡು ಬಂತು: ಇಂಟರ್ನೆಟ್ ನಿಂತು ನಿಂತು ಹೋಗುತ್ತಿದೆ. ನಿಯಮದಂತೆ ಮೂರು ಬಾರಿ ಫೋನ್ ಮಾಡಿದೆ. ಗಂಟೆ ಹೋಯಿತು, ಯಾರೂ ಎತ್ತಲಿಲ್ಲ. ‘ಗಂಟೆ ಸರಿಯಿದೆ, ದೂರು ಮುಕ್ತಾಯ’ ಎಂದು ಬರೆದೆ. ಎರಡನೆಯ ಕಾರ್ಡು ಬಂದಾಗ ಚಿಪ್ ಕೆಟ್ಟಿರಬೇಕೆಂದು, ಇದ್ದ ಒಂದೇ ಬದಲಿ ಪೆಟ್ಟಿಗೆಯನ್ನು ಲೈನ್‌ಮನ್ ಕೈಯಲ್ಲಿ ಕಳುಹಿಸಿದೆ. ಅದನ್ನು ಕೂರಿಸಿ ಅವನು ಅಲ್ಲಿಂದಲೇ ಫೋನ್ ಮಾಡಿದ, ಧ್ವನಿ ಸ್ವಚ್ಛವಾಗಿತ್ತು. ಮತ್ತೆ ಮುಕ್ತಾಯ.

ಮೂರನೆಯ ಕಾರ್ಡಿನಲ್ಲಿ ಹೀಗಿತ್ತು: ‘ಸ್ವಾಮಿ, ನನಗೆ ಕಿವಿ ಕೇಳಿಸದೆ ನಾಲ್ಕು ವರ್ಷ. ನಿಮ್ಮ ಗಂಟೆ ಯಾರಿಗಾಗಿ? ಒಮ್ಮೆ ಸಂಜೆ ಆರಕ್ಕೆ ಬಂದು ನೋಡಿ.’

ಲೈನ್‌ಮನ್ ಬೆರಗಾದ. “ಕಳಸಕ್ಕೆಲ್ಲ ಗೊತ್ತಲ್ಲ ಸಾರ್! ನಿಮಗೆ ಯಾರೂ ಹೇಳ್ಲಿಲ್ವಾ?”

ನನಗೆ ಹೇಳುವವರು ಯಾರಿದ್ದರು? ಬುಧವಾರ ಜೀಪ್ ಹತ್ತಿದೆ.

ಸುಬ್ಬಯ್ಯನವರು ಐವತ್ತರ ಆಸುಪಾಸಿನ ವಿಧುರ. ಎಸ್ಟೇಟ್ ಆಫೀಸಿನ ಪಕ್ಕದ ಕೋಣೆಯಲ್ಲಿ ಒಬ್ಬರೇ ಇದ್ದರು. ಅವರು ಮಾತನಾಡುತ್ತಿದ್ದರು, ನಾನು ಕಾಗದದ ಮೇಲೆ ಉತ್ತರ ಬರೆಯುತ್ತಿದ್ದೆ. ಮಗಳು ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಅವಳು ಸಂಜೆ ಆರಕ್ಕೆ ಬ್ರೌಸಿಂಗ್ ಸೆಂಟರಿಗೆ ಬಂದರೆ ಅಪ್ಪ ಮಗಳ ಮಾತು ಕಂಪ್ಯೂಟರ್ ತೆರೆಯ ಮೇಲೆ, ಇಂಗ್ಲಿಷ್ ಅಕ್ಷರಗಳ ಕನ್ನಡದಲ್ಲಿ. ಅಂದು ಬಂದ ಸಾಲು: ‘ಅಪ್ಪ, ಪರೀಕ್ಷೆ ನನ್ನಿಂದಾಗಲ್ಲ. ಓದು ಬಿಟ್ಟು ಶನಿವಾರ ಬರ್ತೀನಿ. ಬೇಡ ಅಂದ್ರೆ ಹೇಳಿ.’ ಅವರು ಎರಡು ಪದ ಒತ್ತುವಷ್ಟರಲ್ಲಿ ಸಂಪರ್ಕ ಕಡಿಯಿತು.

“ಹತ್ತು ದಿನದಿಂದ ಇದೇ ಸಾರ್. ಹಾಕಿದ ಕಾಗದಾನೂ ಅವಳ ಕೈ ಸೇರಿಲ್ಲ. ಅಪ್ಪ ಸುಮ್ನಿದ್ದಾರೆ, ಒಪ್ಪಿದ್ದಾರೆ ಅಂದ್ಕೊಂಡಿದಾಳೆ.”

ನಾನು ಅವಳಿಗೆ ಫೋನ್ ಮಾಡಿ ತಿಳಿಸಲೇ ಎಂದು ಬರೆದೆ.

“ಬೇಡ ಸಾರ್. ಅಳ್ತಾ ಕೂತಿರೋಳಿಗೆ ಆಫೀಸರ್ ಬುದ್ಧಿ ಹೇಳಿದ್ರೆ ಆಗುತ್ತಾ?”

ರಿಸೀವರ್ ಎತ್ತಿ ಕೇಂದ್ರದೊಡನೆ ಮಾತನಾಡಿದೆ, ಸ್ಪಷ್ಟವಾಗಿತ್ತು. ಆಗ ಹೊಳೆಯಿತು. ಮಾತಿನಲ್ಲಿ ಚೂರುಪಾರು ಬಿಟ್ಟುಹೋದರೆ ಕಿವಿ ತುಂಬಿಕೊಳ್ಳುತ್ತದೆ. ಇಂಟರ್ನೆಟ್ಟಿಗೆ ಆ ಔದಾರ್ಯವಿಲ್ಲ. ಹೊರಗೆ ಬಂದು ಟವರಿನ ದಿಕ್ಕಿಗೆ ನೋಡಿದೆ. ನಡುವೆ ಒಂದು ಹಾಲವಾಣದ ಮರ ಒದ್ದೆ ಎಲೆ ತುಂಬಿಕೊಂಡು, ರೇಡಿಯೋ ಅಲೆಗಳಿಗೆ ಅಡ್ಡವಾಗಿ ನಿಂತಿತ್ತು. ಕಳೆದ ವರ್ಷ ದಾರಿ ಮುಕ್ತವಾಗಿದೆ ಎಂದು ಪ್ರಮಾಣೀಕರಿಸಿದವನು ನಾನೇ.

ಮರ ತೋರಿಸಿ ಅಷ್ಟನ್ನೂ ಬರೆದುಕೊಟ್ಟಾಗ ಸುಬ್ಬಯ್ಯನವರು ಹಣೆ ಚಚ್ಚಿಕೊಂಡರು. “ಹೋದ್ವರ್ಷ ನಾನು ರಜೆಯಲ್ಲಿದ್ದಾಗ ನೀವು ಬಂದಿದ್ದು ಮರಗಸಿ ಆದ ವಾರ! ಈ ಸಲ ಆಳು ಸಿಗ್ಲಿಲ್ಲ, ಇದೊಂದು ಹಾಗೇ ಉಳೀತು.”

ಕಾಫಿ ಗಿಡಕ್ಕೆ ಬೆಳಕು ಬೀಳಲೆಂದು ನೆರಳಿನ ಮರಗಳ ಕೊಂಬೆ ಸವರುವುದೇ ಮರಗಸಿ. ಬೋಳು ಮರ ಚಿಗುರೀತೆಂದು ವಿಜ್ಞಾನ ಕಲಿಸಿದವನಿಗೆ ತೋಚಿರಲಿಲ್ಲ. ಚಿಪ್‌ನಲ್ಲಿ ದೋಷವಿರಲಿಲ್ಲ.

ಗುರುವಾರ ಮಳೆ ಬಿಟ್ಟಾಗ ಮೇಸ್ತ್ರಿ ಮೂರು ಕೊಂಬೆ ಕಡಿಸಿದ. ಆರು ಗಂಟೆಗೆ ನಾನು ಜಗಲಿಯ ಬೆಂಚಿನ ಮೇಲೆ ಕುಳಿತೆ. ನಲವತ್ತು ನಿಮಿಷ ಒಳಗಿನಿಂದ ಕೀಲಿಗಳ ಸದ್ದು ನಿಲ್ಲದೆ ಕೇಳಿಸಿತು. ಆಮೇಲೆ ಅವರು ಕಣ್ಣೊರೆಸಿಕೊಳ್ಳುತ್ತ ಬಂದರು.

“ಪರೀಕ್ಷೆ ಮುಗ್ಸಿಯೇ ಬರ್ತಾಳಂತೆ. ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ರಿ ಅಂತ ಬೈದ್ಲು ಮಾರಾಯ್ರೆ!”

ನನ್ನ ಇ-ಮೇಲ್ ವಿಳಾಸ ಕೇಳಿದರು. ಇಲ್ಲವೆಂದು ಬರೆದೆ.

“ನಿಮ್ಗೆ ಯಾರೂ ಬರ್ಯೋರಿಲ್ವಾ ಸಾರ್?”

ಕುಟುಂಬ ಚಿಕ್ಕಮಗಳೂರಿನಲ್ಲಿದೆ ಎಂದಷ್ಟೇ ಬರೆದೆ. ಅವರೇ ತಮ್ಮ ಕಂಪ್ಯೂಟರಿನಲ್ಲಿ ನನಗೊಂದು ವಿಳಾಸ ಮಾಡಿಕೊಟ್ಟರು. “ಇನ್ನು ಕಾರ್ಡು ಹಾಕಲ್ಲ. ದಿನಾ ಒಂದು ಸಾಲು ಬರೀತೀನಿ. ಬರ್ಲಿಲ್ಲ ಅಂದ್ರೆ ಕೆಟ್ಟಿದೆ ಅಂತ ಹೊರಟು ಬನ್ನಿ.”

ಉತ್ತರ ಬಾರದ ಕಡೆ ಎಲ್ಲವೂ ಸರಿಯಿದೆ ಎಂದು ಬರೆಯಬಾರದೆಂಬುದನ್ನು ಆ ವೃತ್ತಿಯಲ್ಲಿ ಹೀಗೆ ಕಲಿತೆ. ನನಗೆ ವರ್ಗವಾಗುವವರೆಗೆ ಸುಬ್ಬಯ್ಯನವರ ಸಾಲು ತಪ್ಪಿದ್ದು ಎರಡೇ ಸಲ. ಎರಡು ಸಲವೂ ದೂರಿಗೆ ಕಾಯದೆ ಜೀಪ್ ಹತ್ತಿದೆ. ಒಮ್ಮೆ ಲೈನ್ ಕೆಟ್ಟಿತ್ತು. ಇನ್ನೊಮ್ಮೆ ಲೈನ್ ಸರಿಯಾಗಿಯೇ ಇತ್ತು. ಅವರು ಜ್ವರದಿಂದ ಮಲಗಿದ್ದರು.